ಕಾಂಕ್ರೀಟ್ ಬೀಳುವ ಮೊದಲು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಜನವರಿಯ ರಾತ್ರಿ ಉಷ್ಣಾಂಶ ಸೊನ್ನೆಯಿಂದ 25 ಡಿಗ್ರಿ ಕೆಳಗಿಳಿದರೆ ಅದು ಸುದ್ದಿಯೇ ಅಲ್ಲ. ಮಣ್ಣು ಹೆಪ್ಪುಗಟ್ಟಿ ಉಬ್ಬುವುದರಿಂದ ಮನೆಯ ಪಾಯವನ್ನು ದಕ್ಷಿಣ ಭಾಗದಲ್ಲಿ 42 ಇಂಚು, ಉತ್ತರದಲ್ಲಿ 60 ಇಂಚು ಆಳಕ್ಕೆ ಇಳಿಸಬೇಕೆಂದು ಅಲ್ಲಿನ ಕಟ್ಟಡ ನಿಯಮ ಹೇಳುತ್ತದೆ. ಅಂಥ ಕಡೆ ಸ್ವಂತ ಮನೆಯನ್ನು ಸ್ವಂತ ಕೈಯಿಂದ ಕಟ್ಟಿಕೊಳ್ಳಲು ಹೊರಟವರು, ಅವರಲ್ಲಿ ಅಲ್ಲೇ ನೆಲೆಸಿದ ಕೆಲವು ಕನ್ನಡಿಗರೂ, ನನ್ನನ್ನು ಕೇಳುವ ಪ್ರಶ್ನೆ ಒಂದೇ. ಮನೆಯನ್ನು ಬೆಚ್ಚಗಿಡಲು ನೆಲದೊಳಗೆ ಬಿಸಿನೀರಿನ ಕೊಳವೆ ಹಾಸುವ ಕೆಲಸವನ್ನು ನಾವೇ ಮಾಡಬಹುದೇ?

ಧಾರಾಳವಾಗಿ ಮಾಡಬಹುದು. ಇದಕ್ಕೆ ಕೈಚಳಕಕ್ಕಿಂತ ತಾಳ್ಮೆ ಹೆಚ್ಚು ಬೇಕು. ನೀರು ಕಾಯಿಸುವ ಬಾಯ್ಲರ್, ಗ್ಯಾಸ್, ವಿದ್ಯುತ್ ಸಂಪರ್ಕವನ್ನು ಮಾತ್ರ ಪರವಾನಗಿ ಇರುವವರಿಗೇ ಬಿಡಿ. ಕೊಳವೆ ಹಾಸುವುದು ಮನೆಯವರೆಲ್ಲ ಸೇರಿ ಮಾಡುವಂಥ ಕೆಲಸ.

ನೆಲವನ್ನು ಕಾಯಿಸುವುದು ಹೊಸ ವಿದ್ಯೆಯಲ್ಲ. ರೋಮನ್ನರು ನೆಲದಡಿಯ ಪೊಳ್ಳಿನಲ್ಲಿ ಬಿಸಿಗಾಳಿ ಹರಿಸುತ್ತಿದ್ದರು. ಕೊರಿಯಾದವರು ಒಲೆಯ ಹೊಗೆಯನ್ನೇ ಕೋಣೆಯ ಕೆಳಗೆ ಹಾಯಿಸುತ್ತಿದ್ದರು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1937ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್ ಊರಿನ ಜೇಕಬ್ಸ್ ದಂಪತಿಗೆ ಕಟ್ಟಿಕೊಟ್ಟ ಮನೆಯಲ್ಲಿ ಕಾಂಕ್ರೀಟ್ ನೆಲದ ಕೆಳಗೆ ಕೊಳವೆ ಹಾಸಿಸಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಸಾಲುಸಾಲಾಗಿ ಎದ್ದ ಲೆವಿಟೌನ್ ಮನೆಗಳ ಕಾಂಕ್ರೀಟಿನಲ್ಲಿ ತಾಮ್ರದ ಕೊಳವೆಗಳನ್ನು ಹುದುಗಿಸಿದ್ದರು. ಕಾಲಕ್ರಮೇಣ ಅವು ಸೋರತೊಡಗಿದವು. ಸೋರಿದ ಜಾಗ ಹುಡುಕಲು ನೆಲ ಒಡೆಯಬೇಕಾದರೆ ಯಾರಿಗೆ ತಾನೇ ಉತ್ಸಾಹ ಉಳಿದೀತು? ಈ ಪದ್ಧತಿಗೆ ಮರುಜೀವ ಕೊಟ್ಟದ್ದು ಪೆಕ್ಸ್ ಎಂಬ ಪ್ಲಾಸ್ಟಿಕ್ ಕೊಳವೆ. ಅದು ತುಕ್ಕು ಹಿಡಿಯುವುದಿಲ್ಲ, ನೂರಾರು ಅಡಿ ಉದ್ದದ ಸುರುಳಿಯಾಗಿ ಸಿಗುತ್ತದೆ. ಹೀಗಾಗಿ ಕಾಂಕ್ರೀಟಿನೊಳಗೆ ಒಂದೂ ಜೋಡಣೆ ಬೇಕಾಗುವುದಿಲ್ಲ.

ಕೊಳ್ಳುವಾಗ ಒಂದು ಎಚ್ಚರಿಕೆ. ಕುಡಿಯುವ ನೀರಿಗೆಂದು ಮಾರುವ ಪೆಕ್ಸ್ ನೋಡಲು ಹೀಗೆಯೇ ಇರುತ್ತದೆ, ಬೆಲೆಯೂ ಕಡಿಮೆ. ಆದರೆ ಅದರ ಗೋಡೆಯ ಮೂಲಕ ಗಾಳಿಯ ಆಮ್ಲಜನಕ ನುಸುಳಿ ನೀರಿಗೆ ಸೇರುತ್ತದೆ. ವರ್ಷಗಳು ಕಳೆದಂತೆ ಪಂಪು, ಬಾಯ್ಲರುಗಳ ಕಬ್ಬಿಣ ತುಕ್ಕು ತಿನ್ನುತ್ತದೆ. ಆಮ್ಲಜನಕವನ್ನು ತಡೆಯುವ ಪದರ ಇದೆಯೆಂದು ಕೊಳವೆಯ ಮೈಮೇಲೆ ಅಚ್ಚಾಗಿರುವುದನ್ನೇ ತೆಗೆದುಕೊಳ್ಳಿ.

ಜನ ದುಡ್ಡು ಉಳಿಸಲು ಹೋಗಿ ಕೆಡುವುದು ಕೊಳವೆಯ ಕೆಳಗಿನ ಪದರದಲ್ಲಿ. ಜಲ್ಲಿ ಹರಡಿ ದಮ್ಮಸು ಮಾಡಿ, ಅದರ ಮೇಲೆ ತೇವ ತಡೆಯುವ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕನಿಷ್ಠ ಎರಡು ಇಂಚಿನ ಗಟ್ಟಿ ಫೋಮ್ ಹಲಗೆ ಜೋಡಿಸಬೇಕು. ಬಿಸಿ ಮೇಲಕ್ಕೇ ಹೋಗುತ್ತದಲ್ಲ, ಕೆಳಗೆ ಯಾಕೆ ಇಷ್ಟು ಖರ್ಚು ಎನ್ನುವವರಿದ್ದಾರೆ. ಮೇಲಕ್ಕೆ ಹೋಗುವುದು ಬಿಸಿಗಾಳಿ. ಶಾಖಕ್ಕೆ ಮೇಲು ಕೆಳಗೆಂಬ ಭೇದವಿಲ್ಲ, ಎಲ್ಲಿ ತಣ್ಣಗಿದೆಯೋ ಅತ್ತ ಹರಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅದು ಸೋರುವುದು ಕಾಂಕ್ರೀಟಿನ ಅಂಚಿನಿಂದ. ಆದ್ದರಿಂದ ಅಂಚಿನ ಸುತ್ತ ಫೋಮ್ ಹಲಗೆಯನ್ನು ನೆಟ್ಟಗೆ ನಿಲ್ಲಿಸುವುದನ್ನು ಮರೆತರೆ ಚಳಿಗಾಲವಿಡೀ ಮನೆಯ ಹೊರಗಿನ ಹಿಮವನ್ನು ಕರಗಿಸುತ್ತ ಕೂರಬೇಕಾದೀತು.

ಇನ್ನು ಲೆಕ್ಕ. ಅರ್ಧ ಇಂಚಿನ ಕೊಳವೆಯಲ್ಲಿ ನೀರು ಹೊರಟು ಮರಳಿ ಬರುವ ಒಂದು ಸುತ್ತು 300 ಅಡಿ ಮೀರಬಾರದು. ಮೀರಿದರೆ ನೀರು ಕೊನೆ ಮುಟ್ಟುವಷ್ಟರಲ್ಲಿ ತಣ್ಣಗಾಗುತ್ತದೆ, ಪಂಪಿಗೂ ಭಾರ. ಸಾಲಿನಿಂದ ಸಾಲಿಗೆ ಒಂದು ಅಡಿ ಬಿಟ್ಟರೆ ಸಾವಿರ ಚದರಡಿಗೆ ಸುಮಾರು ಸಾವಿರ ಅಡಿ ಕೊಳವೆ ಬೇಕು, ಅಂದರೆ ಹೆಚ್ಚುಕಡಿಮೆ ಸಮ ಉದ್ದದ ನಾಲ್ಕು ಸುತ್ತು. ಹೊರಗೋಡೆಯ ಬಳಿ ಸಾಲುಗಳನ್ನು ಆರು ಇಂಚಿಗೆ ಒತ್ತಾಗಿಸಿ, ಬಿಸಿನೀರು ಮೊದಲು ಅಲ್ಲಿಗೇ ಹೋಗುವಂತೆ ಮಾಡಿ. ಕಮೋಡಿನ ಬುಡವನ್ನು ನೆಲಕ್ಕೆ ಕೂರಿಸಲು ಮೇಣದ ಬಳೆ ಬಳಸುತ್ತಾರೆ; ಬಿಸಿಗೆ ಅದು ಮೆತ್ತಗಾಗುತ್ತದೆ, ಹಾಗಾಗಿ ಕೊಳವೆ ಅದರಿಂದ ದೂರವಿರಲಿ. ಅಡುಗೆಮನೆಯ ಕಪಾಟುಗಳ ಕೆಳಗೂ ಬೇಡ. ಮರದ ಗೋಡೆಯ ಅಡಿಪಟ್ಟಿಯನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸುವ ಜಾಗವನ್ನು ಮೊದಲೇ ಬಣ್ಣದಲ್ಲಿ ಗುರುತು ಹಾಕಿಡಿ, ಮೊಳೆ ಕೊಳವೆಗೆ ತಾಗಬಾರದು.

ಸುರುಳಿಯನ್ನು ಬಿಚ್ಚಲು ತಿರುಗುವ ರಾಟೆಯೊಂದನ್ನು ಬಾಡಿಗೆಗೆ ತನ್ನಿ. ಒಬ್ಬರು ರಾಟೆ ನೋಡಿಕೊಳ್ಳಲಿ, ಒಬ್ಬರು ಎಳೆಯಲಿ, ಇನ್ನೊಬ್ಬರು ಹಿಂದೆಯೇ ಮಂಡಿಯೂರಿ ಎರಡು ಮೂರು ಅಡಿಗೊಂದರಂತೆ, ಫೋಮ್ ಮೇಲೆ ಹಾಸಿದ ಕಬ್ಬಿಣದ ಸರಳಿನ ಜಾಲರಿಗೆ ಕಟ್ಟುತ್ತ ಬರಲಿ. ತಂತಿಯಲ್ಲಿ ಕಟ್ಟುವುದಾದರೆ ಅದರ ಮೊನೆಯನ್ನು ಕೆಳಕ್ಕೆ ಬಾಗಿಸಿ. ತಿರುವಿನಲ್ಲಿ ಅವಸರ ಮಾಡಿದರೆ ಕೊಳವೆ ಮುರುಟಿ ಬಾಯಿ ಮುಚ್ಚಿಕೊಳ್ಳುತ್ತದೆ. ಅದು ಪೆಕ್ಸ್‌ನಲ್ಲೇ ಪೆಕ್ಸ್-ಎ ಎಂಬ ಜಾತಿಯದ್ದಾದರೆ ಗಾಬರಿ ಬೇಡ. ಬಿಸಿಗಾಳಿಯ ಗನ್ನನ್ನು ಮೆಲ್ಲಗೆ ಸುತ್ತ ಆಡಿಸಿ. ಹಾಲುಬಣ್ಣದ ಕೊಳವೆ ಕ್ರಮೇಣ ಪಾರದರ್ಶಕವಾಗುತ್ತದೆ, ಮುರುಟಿದ ಜಾಗ ತಾನಾಗಿ ಉಬ್ಬಿ ಮೊದಲಿನ ಆಕಾರಕ್ಕೆ ಬರುತ್ತದೆ, ಆರಿದಾಗ ಮತ್ತೆ ಬಿಳಿಚುತ್ತದೆ. ಬೆಂಕಿಯ ಜ್ವಾಲೆಯನ್ನು ಮಾತ್ರ ಹತ್ತಿರಕ್ಕೂ ತರಬೇಡಿ.

ಎಲ್ಲ ಸುತ್ತುಗಳ ತುದಿಗಳೂ ಬಂದು ಸೇರುವ ಕೂಡುಗೊಳವೆಗೆ ಮ್ಯಾನಿಫೋಲ್ಡ್ ಎನ್ನುತ್ತಾರೆ. ಕಾಂಕ್ರೀಟಿಗೆ ಮೊದಲು ಅದಕ್ಕೆ ಒತ್ತಡದ ಗೇಜ್ ಸಿಕ್ಕಿಸಿ, ಚದರ ಇಂಚಿಗೆ ಸುಮಾರು 60 ಪೌಂಡು ಒತ್ತಡದಲ್ಲಿ ಗಾಳಿ ತುಂಬಿ ಒಂದು ರಾತ್ರಿ ಬಿಡಿ. ನೀರು ತುಂಬಿದರೆ ಹೆಪ್ಪುಗಟ್ಟುವ ಅಪಾಯ. ಬಿಸಿಲೇರಿದಂತೆ ಮುಳ್ಳು ತುಸು ಮೇಲೇರುತ್ತದೆ, ಸಂಜೆಯ ತಂಪಿಗೆ ತುಸು ಇಳಿಯುತ್ತದೆ, ಅದು ಸೋರಿಕೆಯಲ್ಲ. ಇಳಿದದ್ದು ಇಳಿಯುತ್ತಲೇ ಹೋದರೆ ಸಾಬೂನುನೀರು ಹಚ್ಚಿ ಗುಳ್ಳೆ ಹುಡುಕಿ, ಮೊದಲು ಮ್ಯಾನಿಫೋಲ್ಡಿನ ಜೋಡಣೆಗಳಲ್ಲಿ. ಆಮೇಲೆ ಅಳತೆಪಟ್ಟಿಯನ್ನು ನೆಲದ ಮೇಲೆ ಚಾಚಿಟ್ಟು ಪ್ರತಿ ಕೋಣೆಯ ಫೋಟೊ ತೆಗೆಯಿರಿ. ಮುಂದೆಂದೋ ನೆಲಕ್ಕೆ ಡ್ರಿಲ್ ಮಾಡಬೇಕಾದಾಗ ಆ ಫೋಟೊಗಳೇ ದಾರಿ ತೋರಿಸಬೇಕು.

ಕಾಂಕ್ರೀಟ್ ಲಾರಿ ಬಂದ ದಿನವೂ ಗಾಳಿ ತುಂಬಿಯೇ ಇರಲಿ, ಗೇಜಿನ ಪಕ್ಕ ಒಬ್ಬರು ನಿಂತಿರಲಿ. ಗುದ್ದಲಿ ತಾಗಿ ಕೊಳವೆ ತೂತಾದರೆ ಬುಸ್ಸೆಂದು ಸದ್ದಾಗುತ್ತದೆ, ಕೂಡಲೇ ಆ ಜಾಗ ಬಿಡಿಸಿ ಜೋಡಣೆ ಹಾಕಬಹುದು. ಕೆಲಸಗಾರರು ಆತುರದಲ್ಲಿರುತ್ತಾರೆ, ಅವರ ಮೇಲೆ ರೇಗುವುದಕ್ಕಿಂತ ಒಂದೆರಡು ಜೋಡಣೆಗಳನ್ನು ಜೇಬಿನಲ್ಲಿಟ್ಟುಕೊಂಡಿರುವುದು ಮೇಲು.

ಕಾಂಕ್ರೀಟ್ ಬಲಿಯಲು 28 ದಿನ ಬಿಟ್ಟು, ಅನಂತರ ದಿನದಿನಕ್ಕೆ ಸ್ವಲ್ಪಸ್ವಲ್ಪವೇ ನೀರಿನ ಬಿಸಿ ಏರಿಸಿ. ಒಳ್ಳೆಯ ಮನೆಯಾದರೆ 35ರಿಂದ 45 ಡಿಗ್ರಿಯ ನೀರೇ ಸಾಕು. ನಾವು ಓಡಾಡುವ ನೆಲದ ಮೈ 29 ಡಿಗ್ರಿ ದಾಟಬಾರದು. ಈ ನೆಲ ಬಚ್ಚಲಮನೆಯ ತಾಮ್ರದ ಹಂಡೆಯ ಹಾಗೆ, ಕಾಯಲೂ ತಡ, ಆರಲೂ ತಡ. ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚುವ ಉಳಿತಾಯ ಇಲ್ಲಿ ನಡೆಯುವುದಿಲ್ಲ, ಒಂದೇ ಮಟ್ಟಕ್ಕೆ ಇಟ್ಟು ಮರೆತುಬಿಡಿ. ನೆಲಕ್ಕೆ ಟೈಲ್ಸ್ ಉತ್ತಮ. ದಪ್ಪ ಜಮಖಾನೆ ಹಾಸಿದರೆ ಬಿಸಿಯೆಲ್ಲ ಅದರಡಿಯಲ್ಲೇ ಉಳಿಯುತ್ತದೆ. ಗೃಹಪ್ರವೇಶಕ್ಕೆ ಯಾರಾದರೂ ಅದನ್ನೇ ಉಡುಗೊರೆ ತಂದರೆ ಪ್ರೀತಿಯಿಂದ ತೆಗೆದುಕೊಂಡು ಗೋಡೆಗೆ ತೂಗುಹಾಕಿ.

ನಮಸ್ಕಾರ.