ಬಾಯಿ ಮುಚ್ಚಿ, ಹಲ್ಲು ಬಿಡಿ

ಮೊದಲು ಈ ಶಬ್ದ ಕೇಳಿ. ಇಯರ್‌ಫೋನ್ ಹಾಕಿಕೊಂಡಿದ್ದರೆ ವಾಲ್ಯೂಮ್ ಸ್ವಲ್ಪ ತಗ್ಗಿಸಿಕೊಳ್ಳಿ.

ಒರಳಿಗೆ ನೀರೇ ಹಾಕದೆ ಬೇಳೆ ರುಬ್ಬಿದ ಹಾಗಿದೆ, ಅಲ್ವಾ? ಒರಳಲ್ಲ, ಅದು ನಾನು, ನಿದ್ದೆಯಲ್ಲಿ ಹಲ್ಲು ಕಡಿಯುತ್ತಿರುವುದು. ರಾತ್ರಿ ಎರಡೂ ಮುಕ್ಕಾಲು. ನಮ್ಮನೆಯವರು ಎದ್ದು ಕೂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು. ಬೆಳಿಗ್ಗೆ ಕಾಫಿ ಕುಡಿಯುವಾಗ ಕೇಳಿಸಿದರು. ನಾನು ಒಪ್ಪಲಿಲ್ಲ. "ರೀ, ಇದು ಇಲಿ ಏನೋ ಕೆರೀತಿರೋದು" ಅಂದೆ. ಅಡುಗೆಮನೆಯಿಂದ ಅತ್ತೆ ತೀರ್ಪು ಕೊಟ್ಟರು: "ಇಲಿ ಅಲ್ಲ ಕಣಮ್ಮ, ಹೊಟ್ಟೇಲಿ ಜಂತುಹುಳ. ಮಾತ್ರೆ ತಗೋ."

ತಗೊಂಡೆ. ಹುಳ ಇತ್ತೋ ಇಲ್ಲವೋ, ಶಬ್ದವಂತೂ ನಿಲ್ಲಲಿಲ್ಲ.

ಮೈಸೂರಿನಲ್ಲಿ ಮನೆಯಿಂದಲೇ ಅಂಗಡಿಯವರ ಜಿಎಸ್‌ಟಿ ಲೆಕ್ಕ ನೋಡುವ ಕೆಲಸ ನನ್ನದು. ಈ ಚಾನೆಲ್‌ನಲ್ಲಿ ಸಾಮಾನ್ಯವಾಗಿ ಗಿಡ, ಅಡುಗೆ, ಒಮ್ಮೊಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲು ತೋರಿಸುತ್ತೇನೆ. ಇವತ್ತು ಕ್ಯಾಮೆರಾ ಬಾಯೊಳಗೆ ಹೋಗುತ್ತದೆ. ಊಟ ಮಾಡುತ್ತಾ ನೋಡುತ್ತಿರುವವರು ಕ್ಷಮಿಸಿ.

ಆರಂಭ ಹಲ್ಲಿನಿಂದ ಆಗಿದ್ದೇ ಅಲ್ಲ. ಎದ್ದಾಗ ಕಿವಿಯ ಹತ್ತಿರ ನೋವು. ಕಣತಲೆ ಹಿಡಿದುಕೊಂಡ ಹಾಗೆ. ಕಿವಿ ಡಾಕ್ಟರ ಹತ್ತಿರ ಹೋದೆ. ಅವರು ಟಾರ್ಚ್ ಹಾಕಿ ನೋಡಿ, ಕಿವಿ ಚೆನ್ನಾಗಿದೆ ಅಂದರು. ಆಮೇಲೆ ಕಿವಿಯ ಮುಂದೆ ಬೆರಳಿಟ್ಟು "ಬಾಯಿ ತೆಗೀರಿ, ಮುಚ್ಚಿ" ಅಂದರು. ಟಕ್ ಅಂತು. ದವಡೆಯ ಕೀಲು ಇರುವುದು ಅಲ್ಲೇ. "ಹಲ್ಲಿನ ಡಾಕ್ಟರಿಗೆ ತೋರಿಸಿ" ಅಂದರು. ನಾನು ತೋರಿಸಲಿಲ್ಲ. ತೋರಿಸಿದ್ದು ಎರಡು ತಿಂಗಳಾದ ಮೇಲೆ, ಒಂದು ಕೋಡುಬಳೆ ಕಚ್ಚಿದಾಗ ದವಡೆ ಹಲ್ಲಿನ ಮೂಲೆ ಚೂರಾಗಿ ಅಂಗೈಗೆ ಬಂದ ಮೇಲೆ. ಹಲ್ಲು, ಕಡಲೆಯ ಗಾದೆಯನ್ನು ದಯವಿಟ್ಟು ಯಾರೂ ಹೇಳಬೇಡಿ. ಮನೆಯಲ್ಲಿ ಎಲ್ಲರೂ ಒಂದೊಂದು ಸಲ ಹೇಳಿ ಮುಗಿಸಿದ್ದಾರೆ.

ಡೆಂಟಿಸ್ಟ್ ಮೇಡಂ ಕೋಡುಬಳೆಯನ್ನು ದೂರಲಿಲ್ಲ. ಕೈಗೆ ಕನ್ನಡಿ ಕೊಟ್ಟು ತೋರಿಸಿದರು. ಕೋರೆಹಲ್ಲು ನೋಡಿ. ತುದಿ ಚೂಪಾಗಿರಬೇಕು. ನನ್ನದು ಅರ ಹಾಕಿ ಉಜ್ಜಿದ ಹಾಗೆ ಚಪ್ಪಟೆ. ಕೆಳಗಿನ ದವಡೆಯನ್ನು ಒಂದು ಪಕ್ಕಕ್ಕೆ ಸರಿಸಿದರೆ ಮೇಲಿನ ಚಪ್ಪಟೆ ಜಾಗ, ಕೆಳಗಿನ ಚಪ್ಪಟೆ ಜಾಗ ಬೀಗ ಮತ್ತು ಕೀಲಿಕೈ ಹಾಗೆ ಕೂಡಿಕೊಳ್ಳುತ್ತವೆ. ಕೆನ್ನೆಯ ಒಳಗೆ ಹಲ್ಲುಗಳ ಎತ್ತರಕ್ಕೆ ಸರಿಯಾಗಿ ಒಂದು ಬಿಳಿ ಗೆರೆ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು. ಇಷ್ಟು ಸಾಕ್ಷಿ ಬಾಯಲ್ಲಿಟ್ಟುಕೊಂಡು ನಾನು ಇಲಿಯ ಮೇಲೆ ಗೂಬೆ ಕೂರಿಸಿದ್ದೆ.

ನೀವೂ ಈಗ ಎರಡು ಬೆರಳು ಕೆನ್ನೆಯ ಹಿಂಭಾಗದಲ್ಲಿ, ದವಡೆ ತಿರುಗುವ ಕಡೆ ಇಟ್ಟುಕೊಂಡು ಹಲ್ಲು ಗಟ್ಟಿಯಾಗಿ ಕಚ್ಚಿ. ಒಂದು ಗಂಟು ಉಬ್ಬುತ್ತದೆ. ಅದು ಮ್ಯಾಸಿಟರ್ ಅನ್ನುವ ಸ್ನಾಯು. ಜಗಿಯುವ ಕೆಲಸದಲ್ಲಿ ದೊಡ್ಡ ಪಾಲು ಅದರದ್ದು. ಅನ್ನದಲ್ಲಿ ಕಲ್ಲು ಸಿಕ್ಕರೆ ದವಡೆ ತಟ್ಟನೆ ನಿಲ್ಲುತ್ತದೆ, ನೀವು ಯೋಚನೆ ಮಾಡುವ ಮೊದಲೇ. ನಿದ್ದೆಯಲ್ಲಿ ಆ ಕಾವಲು ಸಡಿಲ. ಇನ್ನೊಂದು ಕಡೆ ಹಲ್ಲಿನ ಮೇಲಿನ ಹೊದಿಕೆ, ಎನಾಮಲ್. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇಲ್ಲ. ಮೂಳೆ ಮುರಿದರೆ ಕೂಡುತ್ತದೆ. ಎನಾಮಲ್ ಸವೆದರೆ ಮತ್ತೆ ಬೆಳೆಯುವುದಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಕೆಲಸ ಮುಗಿಸಿ ಹೋಗಿರುತ್ತವೆ. ಅದರ ಕೆಳಗಿನ ಹಳದಿ ಪದರ ಮೆತ್ತಗೆ. ಅಲ್ಲಿಗೆ ಬಂದರೆ ತಣ್ಣೀರು ಕುಡಿದಾಗ ಜುಮ್ ಅನ್ನುತ್ತದೆ.

ಯಾಕೆ ಹೀಗಾಗುತ್ತದೆ? ಮೊದಲೆಲ್ಲ ಹಲ್ಲು ವಕ್ರ ಇದ್ದರೆ ಕಡಿಯುತ್ತಾರೆ ಅನ್ನುತ್ತಿದ್ದರಂತೆ. ಈಗ ಮೂಲ ಮಿದುಳಿನಲ್ಲಿದೆ ಅನ್ನುತ್ತಾರೆ. ಹಗುರ ನಿದ್ದೆಯಲ್ಲಿ ಮಿದುಳು ಕ್ಷಣಕಾಲ ಅರೆಬರೆ ಎಚ್ಚರವಾಗುತ್ತದೆ. ಅದರ ಜೊತೆಗೇ ದವಡೆಯೂ ಅಲ್ಲಾಡುತ್ತದೆ. ಚಿಂತೆ, ಜಾಸ್ತಿ ಕಾಫಿ, ಸಿಗರೇಟು, ಕುಡಿತ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಇವೆಲ್ಲ ಅದಕ್ಕೆ ಒತ್ತಾಸೆ. ಅಂಥ ಮಾತ್ರೆ ತಗೊಳ್ಳುತ್ತಿದ್ದರೆ ನೀವೇ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನೇ ಕೇಳಿ. 1907ರಲ್ಲಿ ಫ್ರಾನ್ಸಿನಲ್ಲಿ ಈ ಹಲ್ಲು ಕಡಿಯುವುದಕ್ಕೆ ಬ್ರಕ್ಸೋಮೇನಿ ಅಂತ ಹೆಸರಿಟ್ಟಿದ್ದರು. ಮೇನಿ ಅಂದರೆ ಹುಚ್ಚು. ಇದನ್ನು ಅತ್ತೆಗೆ ಹೇಳಿಲ್ಲ. 2021ರ ಆರಂಭದಲ್ಲಿ, ಕೋವಿಡ್ ಇನ್ನೂ ಇದ್ದಾಗ, ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಅಲ್ಲಿನ ದಂತವೈದ್ಯರನ್ನು ಕೇಳಿತ್ತು. 10ರಲ್ಲಿ 7ಕ್ಕೂ ಜಾಸ್ತಿ ಜನ, ಹಲ್ಲು ಕಡಿಯುವ ರೋಗಿಗಳು ಹೆಚ್ಚಾಗಿದ್ದಾರೆ ಅಂದಿದ್ದರು.

ನನ್ನ ಕಾರಣ ಕ್ಯಾಲೆಂಡರಿನಲ್ಲೇ ಇತ್ತು. ನಮ್ಮನೆಯವರು ಶಬ್ದ ಬಂದ ರಾತ್ರಿಗಳಿಗೆ ಸೊನ್ನೆ ಸುತ್ತುತ್ತಾ ಹೋದರು. 9, 10, 11. ಆಮೇಲೆ 17, 18, 19, 20. ತಿಂಗಳ ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್-1 ಹಾಕಲು ಕೊನೆಯ ದಿನ 11. ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಗೆ 20. ಬಿಲ್ ಕಳಿಸಿ ಅಂತ 5ರಿಂದಲೇ ಕೇಳಿದರೂ 19ರ ರಾತ್ರಿ ಹತ್ತೂವರೆಗೆ ವಾಟ್ಸಾಪ್‌ನಲ್ಲಿ ಮಸುಕು ಫೋಟೋ ಕಳಿಸುವವರಿದ್ದಾರೆ. ನಾನು "ಪರವಾಗಿಲ್ಲ ಸರ್" ಅನ್ನುತ್ತೇನೆ. ಹಗಲು ನುಂಗಿಕೊಂಡಿದ್ದನ್ನು ರಾತ್ರಿ ಅರೆಯುತ್ತಿದ್ದೆ ಅಂತ ಕಾಣುತ್ತದೆ.

ಮೇಡಂ ನೈಟ್‌ಗಾರ್ಡ್ ಹೇಳಿದರು, ಅಂದರೆ ರಾತ್ರಿ ಹಲ್ಲುಗಳ ಮೇಲೆ ಹಾಕಿಕೊಳ್ಳುವ ಕವಚ. ಬೆಲೆ ಕೇಳಿ ಹಿಂದೆ ಬಂದೆ. ಆನ್‌ಲೈನಿನಲ್ಲಿ 400 ರೂಪಾಯಿಗೆ ಸಿಗುತ್ತದಲ್ಲ! ಇದೇ ಅದು. ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಕಚ್ಚಿ ಅಚ್ಚು ಮಾಡಿಕೊಳ್ಳುವುದು. ಮೊದಲ ಸಲ ಜಾಸ್ತಿ ಹೊತ್ತು ಬಿಟ್ಟೆ, ಹಪ್ಪಳದ ಹಾಗೆ ಸುರುಟಿಕೊಂಡಿತು. ಎರಡನೆಯದು ಕೂತಿತು. ಆದರೆ ದಪ್ಪ. ನಾಲಿಗೆಗೆ ತಾಗಿದರೆ ವಾಕರಿಕೆ. ಅದಕ್ಕಿಂತ ದೊಡ್ಡ ತೊಂದರೆ, ಅದು ರಬ್ಬರಿನ ಹಾಗೆ ಮೆತ್ತಗೆ. ಬಾಯಿಗೆ ಚ್ಯೂಯಿಂಗ್ ಗಮ್ ಸಿಕ್ಕಂತಾಯಿತು. ರಾತ್ರಿಯೆಲ್ಲ ಜಗಿದೆ. ಮೂರು ವಾರಕ್ಕೆ ತೂತು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಅಲ್ಲ, ಬರೀ ಕಚ್ಚುವವರಿಗೆ ಮೆತ್ತಗಿನದೇ ಸಾಕಾಗಬಹುದು. ನನ್ನಂಥ ಮಸೆಯುವವರಿಗೆ ಆಗಲಿಲ್ಲ.

ವಾಪಸ್ ಮೇಡಂ ಹತ್ತಿರ. ಅವರು ನಗಲಿಲ್ಲ, ಆದರೆ ತೂತಿಗೆ ಬೆರಳು ತೂರಿಸಿ ನೋಡಿದರು.

ಅಳತೆ ತಗೊಂಡಿದ್ದು ಹೀಗೆ. ಆಲ್ಜಿನೇಟ್ ಅನ್ನೋ ಗುಲಾಬಿ ಪುಡಿ. ಸಮುದ್ರದ ಪಾಚಿಯಿಂದ ಮಾಡುವುದಂತೆ. ನೀರು ಹಾಕಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ತಟ್ಟೆಯಂಥ ಟ್ರೇಯಲ್ಲಿ ತುಂಬಿ, ಮೇಲಿನ ಹಲ್ಲುಗಳಿಗೆ ಒತ್ತಿದರು. ತಲೆ ಮುಂದಕ್ಕೆ ಬಾಗಿಸಿ ಮೂಗಿನಲ್ಲಿ ಉಸಿರಾಡಿ ಅಂದರು. ಎರಡೇ ನಿಮಿಷ. ನನಗೆ ಅದು ಒಂದು ಧಾರಾವಾಹಿ ಕಂತಿನಷ್ಟು ಉದ್ದವಾಗಿತ್ತು. ಈಗ ಕೆಲವು ಕಡೆ ಚಿಕ್ಕ ಕ್ಯಾಮೆರಾ ಓಡಿಸಿಯೇ ಅಳತೆ ತಗೊಳ್ಳುತ್ತಾರೆ. ಆ ಅಚ್ಚಿನಿಂದ ಗಟ್ಟಿ ಪ್ಲಾಸ್ಟರಿನ ಮಾದರಿ. ಇದು ನೋಡಿ, ನನ್ನದೇ ಹಲ್ಲುಗಳು. ಮೇಜಿನ ಮೇಲಿಟ್ಟರೆ ಕೆಲಸದವಳು ಹೆದರುತ್ತಾಳೆ.

ಒಂದು ವಾರಕ್ಕೆ ಲ್ಯಾಬಿನಿಂದ ಬಂತು. ಗಾಜಿನ ಹಾಗೆ ಪಾರದರ್ಶಕ, ಗಟ್ಟಿ ಅಕ್ರಿಲಿಕ್. ಹಾಕಿದ ಮೇಲೆ ಹಲ್ಲುಗಳ ನಡುವೆ ನೀಲಿ ಕಾಗದ ಇಟ್ಟು ಕಚ್ಚಿಸಿದರು. ಎಲ್ಲಿ ಜಾಸ್ತಿ ತಾಗುತ್ತದೋ ಅಲ್ಲಿ ಗಾಢ ನೀಲಿ ಚುಕ್ಕೆ. ಅದನ್ನು ಉಜ್ಜಿದರು. ಮತ್ತೆ ಕಾಗದ, ಮತ್ತೆ ಉಜ್ಜು. ಎರಡೂ ಕಡೆ ಸಮ ತಾಗುವ ತನಕ ಬಿಡಲಿಲ್ಲ. 4,500 ರೂಪಾಯಿ ಈ ಕೆಲಸಕ್ಕೆ ಅಂತ ಆಗ ಅರ್ಥವಾಯಿತು. ಒಂದು ಕಡೆಯ ಹಲ್ಲುಗಳನ್ನಷ್ಟೇ ಮುಚ್ಚುವ ಗಾರ್ಡ್ ಅಗ್ಗಕ್ಕೆ ಸಿಗುತ್ತದಲ್ಲ ಅಂದೆ. ಬೇಡ ಅಂದರು. ತಿಂಗಳುಗಟ್ಟಲೆ ಹಾಕಿದರೆ ಮುಚ್ಚದೆ ಬಿಟ್ಟ ಹಲ್ಲುಗಳು ನಿಧಾನಕ್ಕೆ ಜಾಗ ಬಿಟ್ಟು ಸರಿಯಬಹುದು, ಕಚ್ಚುವ ಹೊಂದಾಣಿಕೆಯೇ ಕೆಡಬಹುದು.

ಹೊರಡುವ ಮೊದಲು ಇನ್ನೊಂದು ಪ್ರಶ್ನೆ ಕೇಳಿದರು. "ಗೊರಕೆ ಇದೆಯಾ? ನಿದ್ದೇಲಿ ಉಸಿರು ಕಟ್ಟುತ್ತಾ?" ಹಾಗಿದ್ದರೆ ಮೊದಲು ಅದನ್ನು ಪರೀಕ್ಷೆ ಮಾಡಿಸಬೇಕಂತೆ. ಕೆಲವರಿಗೆ ಮೇಲಿನ ಹಲ್ಲಿನ ಗಾರ್ಡ್ ಹಾಕಿದರೆ ಉಸಿರಿನ ತೊಂದರೆ ಹೆಚ್ಚಾಗಬಹುದು. ಪಕ್ಕದಲ್ಲಿದ್ದ ನಮ್ಮನೆಯವರು ನನ್ನ ಪರವಾಗಿ ಉತ್ತರ ಕೊಟ್ಟರು: "ನಮ್ಮನೇಲಿ ಯಾರಿಗೂ ಗೊರಕೆ ಇಲ್ಲ ಮೇಡಂ."

ಮೊದಲ ಮೂರು ರಾತ್ರಿ ದಿಂಬು ಒದ್ದೆ. ಬಾಯಿಗೆ ಏನೋ ತಿಂಡಿ ಬಂತು ಅಂದುಕೊಂಡು ಜೊಲ್ಲು ಸುರಿಯುತ್ತದೆ. ನಾಲ್ಕನೇ ದಿನಕ್ಕೆ ಕಡಿಮೆಯಾಯಿತು. ಬೆಳಿಗ್ಗೆ ತೆಗೆದ ಮೇಲೆ ಸ್ವಲ್ಪ ಹೊತ್ತು ಹಲ್ಲು ಬೇರೆಯವರದ್ದು ಅನ್ನಿಸುತ್ತದೆ, ಕಾಫಿ ಹೊತ್ತಿಗೆ ಸರಿಹೋಗುತ್ತದೆ. ತೊಳೆಯುವುದು ತಣ್ಣೀರು, ಮೆತ್ತನೆ ಬ್ರಷ್, ಒಂದು ಹನಿ ಸೋಪು. ಪೇಸ್ಟ್ ಹಾಕಿದರೆ ಗೀರು ಬೀಳುತ್ತದೆ. ಬಿಸಿನೀರು ಬೇಡವೇ ಬೇಡ. ಒಮ್ಮೆ ಅತ್ತೆ ಇದನ್ನು ಮಗುವಿನ ಬಾಟಲಿಯ ಹಾಗೆ ಕುದಿಸಲು ಪಾತ್ರೆ ಇಟ್ಟಿದ್ದರು. ನಾನು ಓಡಿದ ಓಟ ಬೆಟ್ಟದ ಮೆಟ್ಟಿಲಲ್ಲೂ ಓಡಿಲ್ಲ.

ಒಂದು ವಿಷಯ ನನಗೆ ತಡವಾಗಿ ತಲೆಗೆ ಹೋಯಿತು. ಗಾರ್ಡ್ ಹಾಕಿದರೆ ಹಲ್ಲು ಕಡಿಯುವುದು ನಿಲ್ಲುತ್ತದೆ ಅಂದುಕೊಂಡಿದ್ದೆ. ನಿಲ್ಲುವುದಿಲ್ಲ. ಹಲ್ಲಿನ ಬದಲು ಅದು ಸವೆಯುತ್ತದೆ, ಅಷ್ಟೇ. ಬೆಳಕಿಗೆ ಹಿಡಿದರೆ ಕಾಣುತ್ತದೆ, ನೋಡಿ. ಬಲಗಡೆ ಕೋರೆಹಲ್ಲಿನ ಹತ್ತಿರ ಈ ಗೀರುಗಳ ರಾಶಿ. ಎಡಗಡೆ ಹೆಚ್ಚುಕಡಿಮೆ ಹೊಸದರ ಹಾಗೇ ಇದೆ. ನಾನು ಯಾವ ಕಡೆಗೆ ಎಳೆಯುತ್ತೇನೆ ಅಂತ ನನಗಿಂತ ಚೆನ್ನಾಗಿ ಇದಕ್ಕೆ ಗೊತ್ತು.

ಹಗಲಿನ ಪಾಠ ಬೇರೆ. ಸುಮ್ನೆ ಕೂತಾಗ ಮೇಲಿನ ಹಲ್ಲು, ಕೆಳಗಿನ ಹಲ್ಲು ತಾಗಬಾರದಂತೆ. ತುಟಿ ಕೂಡಿರಬೇಕು, ಹಲ್ಲುಗಳ ನಡುವೆ ಸ್ವಲ್ಪ ಜಾಗ ಇರಬೇಕು. ಮೇಡಂ ಹೇಳಿದ್ದು ಇಷ್ಟೇ: "ಬಾಯಿ ಮುಚ್ಚಿ, ಹಲ್ಲು ಬಿಡಿ." ಚಿಕ್ಕವಳಿದ್ದಾಗ ಅಜ್ಜಿ ದಿನಕ್ಕೆ ಹತ್ತು ಸಲ "ಹಲ್ಲು ಬಿಡಬೇಡ" ಅನ್ನುತ್ತಿದ್ದರು. ಈಗ ಮಾನಿಟರಿನ ಮೇಲೆ "ಹಲ್ಲು ಬಿಡು" ಅಂತ ಚೀಟಿ ಅಂಟಿಸಿದ್ದೇನೆ. ಮನೆಗೆ ಬಂದ ಗ್ರಾಹಕರೊಬ್ಬರು ಅದನ್ನು ಓದಿ, ಅವರೇ ನಕ್ಕು, "ಮೇಡಂ, ನಾಳೆನೇ ಬಿಲ್ ಕಳಿಸ್ತೀನಿ" ಅಂದರು. ಕಳಿಸಿದ್ದು 19ಕ್ಕೆ.

ಸಂಜೆ ಮೇಲೆ ಕಾಫಿ ಬಿಟ್ಟಿದ್ದೇನೆ. ಕಿವಿಯ ಹತ್ತಿರದ ನೋವು ತುಂಬಾ ಕಡಿಮೆಯಾಗಿದೆ. ಮುರಿದ ಹಲ್ಲಿಗೆ ಕ್ಯಾಪ್ ಬಂದಿದೆ. ಕೋಡುಬಳೆ ತಿನ್ನುತ್ತೇನೆ, ಎಡಗಡೆಯಿಂದ.

ಕೊನೆಗೆ ಇನ್ನೊಂದು ರೆಕಾರ್ಡಿಂಗ್ ಕೇಳಿ. ಹೋದ ತಿಂಗಳು 20ರ ರಾತ್ರಿಯದು. ಈ ಸಲ ಮೊಬೈಲ್ ಇಟ್ಟಿದ್ದು ನಾನು.

ಆ ಸಣ್ಣ ಟಿಕ್ ಟಿಕ್ ಇದೆಯಲ್ಲ, ಅದು ಗಾರ್ಡ್. ಹಿಂದೆ ಟ್ರ್ಯಾಕ್ಟರ್ ಹತ್ತಿಸಿದ ಹಾಗೆ ಬರುತ್ತಿದೆಯಲ್ಲ, ಅದು ನಾನಲ್ಲ.