ಮಾತ್ರೆ ನುಂಗುವ ಮೊದಲು ಒಂದು ರಕ್ತ ಪರೀಕ್ಷೆ

ನಮಸ್ಕಾರ. ಮನಸ್ಸು ಒಮ್ಮೆ ಉನ್ಮಾದಕ್ಕೆ, ಒಮ್ಮೆ ಖಿನ್ನತೆಗೆ ಜಾರುವ ಬೈಪೋಲಾರ್ ಕಾಯಿಲೆಗೂ ರೋಗನಿರೋಧಕ ಶಕ್ತಿಗೂ ನಂಟಿದೆ ಅನ್ನುವ ಮಾತು ನೀವೂ ಕೇಳಿರಬಹುದು. ನಂಟು ಸುಳ್ಳಲ್ಲ. 2021ರಲ್ಲಿ ಸುಮಾರು 42 ಸಾವಿರ ರೋಗಿಗಳ ಡಿಎನ್‌ಎಯನ್ನು ಕಾಯಿಲೆ ಇಲ್ಲದವರದರ ಜೊತೆ ಹೋಲಿಸಿ ನೋಡಿದಾಗ, ಕಾಯಿಲೆಗೆ ತಳುಕು ಹಾಕಿಕೊಂಡ 64 ಜಾಗಗಳು ಸಿಕ್ಕವು. ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಎಚ್‌ಎಲ್‌ಎ ಜೀನ್‌ಗಳಿರುವ ಜಾಗವೂ ಅದರಲ್ಲಿತ್ತು. ಆದರೆ ಒಂದೊಂದರ ಪಾಲೂ ತೀರಾ ಸಣ್ಣದು. ಸುಮ್ನೆ ಇದನ್ನೇ ನಂಬಿ ಇಮ್ಯೂನಿಟಿ ಪುಡಿಗೆ ದುಡ್ಡು ಸುರಿಯಬೇಡಿ. ಪಾಕಿಸ್ತಾನದಲ್ಲಿ 266 ರೋಗಿಗಳ ಮೇಲೆ ರೋಗನಿರೋಧಕ ಶಕ್ತಿ ಕೆರಳಿದಾಗ ಆಗುವ ಉರಿಯೂತವನ್ನು ಇಳಿಸುವ ಎರಡು ಔಷಧಿಗಳನ್ನೇ ಪರೀಕ್ಷಿಸಿದರು. ಖಿನ್ನತೆಗೆ ಗುಣ ಕಾಣಲಿಲ್ಲ.

ಇವತ್ತೇ ಕೆಲಸಕ್ಕೆ ಬರುವ ಎಚ್‌ಎಲ್‌ಎ ಜೀನ್ ಒಂದಿದೆ. ಅದರ ಸುದ್ದಿ ಎತ್ತುವವರೇ ಕಮ್ಮಿ. ನನಗೆ ಸಂಕಟ ಆಗುವುದು ಅದಕ್ಕೇ.

ಬೈಪೋಲಾರ್‌ಗೆ ಕೊಡುವ ಮಾತ್ರೆಗಳಲ್ಲಿ ಕಾರ್ಬಮಜೆಪೈನ್ ಒಂದು. ಫಿಟ್ಸ್‌ಗೂ ಅದನ್ನೇ ಕೊಡುತ್ತಾರೆ. ಜಾಸ್ತಿ ಜನರಿಗೆ ಏನೂ ತೊಂದರೆಯಿಲ್ಲ. ಆದರೆ ಎಚ್‌ಎಲ್‌ಎ-ಬಿ 15:02 ಅನ್ನುವ ಆ ಜೀನ್ ಇರುವ ಕೆಲವರಲ್ಲಿ ರೋಗನಿರೋಧಕ ಕಣಗಳು ಸ್ವಂತ ಚರ್ಮದ ಮೇಲೇ ತಿರುಗಿಬೀಳುತ್ತವೆ. ಮೊದಲು ಜ್ವರ, ಕಣ್ಣುರಿ, ಗಂಟಲು ನೋವು. ಆಮೇಲೆ ಬಾಯಿ ತುಂಬ ಹುಣ್ಣು, ನೀರು ಕುಡಿಯಲೂ ಆಗದು. ಮೈಮೇಲೆ ಬೊಬ್ಬೆ ಎದ್ದು, ಸುಟ್ಟ ಗಾಯದ ಹಾಗೆ ಚರ್ಮ ಸುಲಿಯುತ್ತದೆ. ಇದಕ್ಕೆ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಅಂತ ಹೆಸರು. ಜೀವಕ್ಕೇ ಕುತ್ತು.

2004ರಲ್ಲಿ ತೈವಾನಿನ ವಿಜ್ಞಾನಿಗಳು ಈ ಮಾತ್ರೆಯಿಂದ ಹೀಗಾದ 44 ಜನರನ್ನು ಪರೀಕ್ಷಿಸಿದರು. 44 ಮಂದಿಯಲ್ಲೂ ಇದೇ ಜೀನ್! ಮುಂದೆ ಅಲ್ಲೇ ಸುಮಾರು 4,900 ಜನರಿಗೆ ಮೊದಲೇ ಟೆಸ್ಟ್ ಮಾಡಿ, ಜೀನ್ ಇದ್ದವರಿಗೆ ಬೇರೆ ಔಷಧಿ ಕೊಟ್ಟರು. ಹಿಂದಿನ ಲೆಕ್ಕದ ಪ್ರಕಾರ ಸುಮಾರು ಹತ್ತು ಜನರಿಗೆ ಬರಬೇಕಿತ್ತು. ಒಬ್ಬರಿಗೂ ಬರಲಿಲ್ಲ.

ಭಾರತೀಯರಲ್ಲಿ ಈ ಜೀನ್ ಸರಾಸರಿ ನೂರಕ್ಕೆ ಎರಡರಿಂದ ನಾಲ್ಕು ಜನರಲ್ಲಿದೆ. ಕಮ್ಮಿಯೇನಲ್ಲ, ಅಲ್ವಾ? ಬೈಪೋಲಾರ್‌ಗೆ ಕೊಡುವ ಇನ್ನೊಂದು ಔಷಧಿ ಲಿಥಿಯಂ ತಗೊಳ್ಳುವವರಿಗೆ ಆಗಾಗ ರಕ್ತ ಕೊಡುವುದು ರೂಢಿಯೇ ಆಗಿದೆ. ಈ ಜೀನ್ ಟೆಸ್ಟ್ ಅಂತೂ ಒಮ್ಮೆ ಮಾಡಿಸಿದರೆ ಸಾಕು. ನಮ್ಮ ಜಿಲ್ಲಾಸ್ಪತ್ರೆಗಳಲ್ಲೂ ಈ ಟೆಸ್ಟ್ ಉಚಿತವಾಗಿ ಸಿಗಬೇಕು. ದುಡ್ಡಿದ್ದವರು ಮಾತ್ರ ಮಾಡಿಸಿಕೊಳ್ಳುವ ಹಾಗೆ ಇರಬಾರದು.

ಮನೆಯಲ್ಲಿ ಯಾರಿಗಾದರೂ ಈ ಮಾತ್ರೆ ಹೊಸದಾಗಿ ಬರೆದುಕೊಟ್ಟರೆ, "ಡಾಕ್ಟ್ರೇ, ಮೊದಲು ಎಚ್‌ಎಲ್‌ಎ ಟೆಸ್ಟ್ ಮಾಡಿಸೋಣವಾ?" ಅಂತ ಕೇಳಿ. ಎಷ್ಟೋ ತಿಂಗಳಿಂದ ತಗೊಳ್ಳುತ್ತಿರುವವರು ಹೆದರಿ ನಿಲ್ಲಿಸಬೇಡಿ, ಅಪಾಯ ಜಾಸ್ತಿ ಇರುವುದು ಶುರುವಿನ ಕೆಲವು ತಿಂಗಳಲ್ಲಿ. ಟೆಸ್ಟ್ ನೆಗೆಟಿವ್ ಬಂದಿದ್ದರೂ ಆ ದಿನಗಳಲ್ಲಿ ಜ್ವರದ ಜೊತೆ ಬಾಯಿಹುಣ್ಣು, ಗುಳ್ಳೆ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮಾತ್ರೆಯ ಸ್ಟ್ರಿಪ್ ಕೈಯಲ್ಲಿರಲಿ.