ಮೋಟಾರು ಬಂದರೂ ಕಾರ್ಖಾನೆ ಬದಲಾಗಲಿಲ್ಲ: ಡಿಜಿಟಲ್ ಪರಿವರ್ತನೆಯಲ್ಲಿ ಸಿಇಒ ಕೆಲಸವೇನು?

ನಮಸ್ಕಾರ. ವೀಕ್ಷಕರೊಬ್ಬರು ಕೇಳಿದ ಪ್ರಶ್ನೆಯೊಂದು ಕೆಲವು ದಿನಗಳಿಂದ ನನ್ನನ್ನು ಕಾಡುತ್ತಿದೆ. ಕಂಪನಿಯಲ್ಲಿ ಐಟಿ ವಿಭಾಗವಿದೆ, ಅದಕ್ಕೊಬ್ಬ ಮುಖ್ಯಸ್ಥರಿದ್ದಾರೆ, ಹೊರಗಿನಿಂದ ಸಲಹೆಗಾರರನ್ನೂ ಕರೆಸಲಾಗಿದೆ. ಹೀಗಿರುವಾಗ ಡಿಜಿಟಲ್ ಪರಿವರ್ತನೆಯ ಹೊಣೆಯನ್ನು ಸಿಇಒ ತಾವೇ ಏಕೆ ಹೊರಬೇಕು, ಸಾಫ್ಟ್‌ವೇರ್ ಬಗ್ಗೆ ಅವರಿಗೇನು ಗೊತ್ತಿರುತ್ತದೆ ಎಂದು ಅವರು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ.

ಕಾಗದದ ಕಡತವನ್ನು ಕಂಪ್ಯೂಟರಿಗೆ ಏರಿಸುವುದು ಒಂದು ಕೆಲಸ. ಕಂಪ್ಯೂಟರ್ ಇದೆಯೆಂಬ ಕಾರಣಕ್ಕೆ ಇಡೀ ಕೆಲಸದ ಕ್ರಮವನ್ನೇ ಹೊಸದಾಗಿ ಕಟ್ಟುವುದು ಇನ್ನೊಂದು. ಪರಿವರ್ತನೆ ಎಂಬ ಮಾತು ಸಲ್ಲುವುದು ಎರಡನೆಯದಕ್ಕೆ. ವ್ಯಾಖ್ಯಾನ ಇಷ್ಟು ಸಾಕು. ಈ ಎರಡರ ನಡುವಿನ ಅಂತರ ಎಷ್ಟು ದೊಡ್ಡದೆಂದು ನನಗೆ ಮನವರಿಕೆಯಾದದ್ದು ವಿದ್ಯುತ್ತಿನ ಇತಿಹಾಸವನ್ನು ಓದಿದಾಗ.

(ತೆರೆಯ ಮೇಲೆ: ಹಬೆಯಂತ್ರದ ಕಾಲದ ಕಾರ್ಖಾನೆಯ ಒಳನೋಟ)

ಹತ್ತೊಂಬತ್ತನೆಯ ಶತಮಾನದ ಒಂದು ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಿ. ಮೂಲೆಯಲ್ಲಿ ಒಂದೇ ಒಂದು ದೊಡ್ಡ ಹಬೆಯಂತ್ರ. ಅದು ಚಾವಣಿಯುದ್ದಕ್ಕೂ ಹಾದುಹೋಗುವ ಕಬ್ಬಿಣದ ಉದ್ದನೆಯ ದಂಡವನ್ನು ತಿರುಗಿಸುತ್ತದೆ. ಆ ದಂಡದಿಂದ ಚರ್ಮದ ಪಟ್ಟಿಗಳು ಇಳಿಬಿದ್ದು ಕೆಳಗಿನ ಪ್ರತಿಯೊಂದು ಯಂತ್ರಕ್ಕೂ ಶಕ್ತಿಯನ್ನು ತಲುಪಿಸುತ್ತವೆ. ದಂಡ ಉದ್ದವಾದಷ್ಟೂ ಘರ್ಷಣೆಯಲ್ಲಿ ಶಕ್ತಿ ಪೋಲಾಗುವುದರಿಂದ ಯಂತ್ರಗಳನ್ನೆಲ್ಲ ಒತ್ತೊತ್ತಾಗಿ, ಒಂದರ ಮೇಲೊಂದು ಮಹಡಿಯಲ್ಲಿ ಜೋಡಿಸಬೇಕಾಗಿತ್ತು. ಯಾವ ಕೆಲಸದ ನಂತರ ಯಾವ ಕೆಲಸ ಎಂಬುದಕ್ಕಿಂತ ಯಾವ ಯಂತ್ರ ದಂಡಕ್ಕೆ ಎಷ್ಟು ಹತ್ತಿರ ಎಂಬುದೇ ಅದರ ಜಾಗವನ್ನು ನಿರ್ಧರಿಸುತ್ತಿತ್ತು. ದಂಡಕ್ಕೆ ಎಣ್ಣೆ ಬಿಡುತ್ತಲೇ ಇರಬೇಕು, ಆ ಎಣ್ಣೆ ಕೆಳಗೆ ತೊಟ್ಟಿಕ್ಕುತ್ತಲೇ ಇರುತ್ತದೆ. ದಂಡ ಕೆಟ್ಟರೆ ಅದನ್ನು ನೆಚ್ಚಿಕೊಂಡ ಯಂತ್ರಗಳೆಲ್ಲ ನಿಂತುಹೋಗುತ್ತವೆ.

1882ರಲ್ಲಿ ಎಡಿಸನ್ ಅವರ ವಿದ್ಯುತ್ ಕೇಂದ್ರ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ಆರಂಭವಾಯಿತು. ಅಲ್ಲಿಂದ ಸುಮಾರು ಹದಿನೆಂಟು ವರ್ಷ ಕಳೆದು 1900 ಬಂದಾಗಲೂ ಅಮೆರಿಕದ ಕಾರ್ಖಾನೆಗಳ ಯಂತ್ರಶಕ್ತಿಯಲ್ಲಿ ವಿದ್ಯುತ್ ಮೋಟಾರುಗಳ ಪಾಲು ಶೇ 5ರಷ್ಟೂ ಇರಲಿಲ್ಲ. ನನ್ನನ್ನು ಇನ್ನೂ ಹೆಚ್ಚು ಬೆರಗುಗೊಳಿಸಿದ್ದು ಮೋಟಾರು ತಂದವರಲ್ಲಿ ಅನೇಕರು ಅದನ್ನು ಬಳಸಿದ ರೀತಿ. ಅವರು ಹಬೆಯಂತ್ರವನ್ನು ತೆಗೆದು ಅದೇ ಮೂಲೆಯಲ್ಲಿ ದೊಡ್ಡ ಮೋಟಾರನ್ನು ಕೂರಿಸಿದರು. ಅದೇ ದಂಡ, ಅದೇ ಚರ್ಮದ ಪಟ್ಟಿ, ಅದೇ ಮಹಡಿ, ಅದೇ ತೊಟ್ಟಿಕ್ಕುವ ಎಣ್ಣೆ. ಹಣ ಖರ್ಚಾಯಿತು, ಹೊಸ ತಂತ್ರಜ್ಞಾನ ಬಂದಿತು, ಲಾಭ ಮಾತ್ರ ಅಷ್ಟಕ್ಕಷ್ಟೇ ಆಯಿತು.

ನಿಜವಾದ ಲಾಭ ಕಂಡದ್ದು 1920ರ ದಶಕದಲ್ಲಿ, ಪ್ರತಿ ಯಂತ್ರಕ್ಕೂ ತನ್ನದೇ ಪುಟ್ಟ ಮೋಟಾರು ಬಂದಮೇಲೆ. ಚಾವಣಿಯ ದಂಡ ಕಣ್ಮರೆಯಾದ್ದರಿಂದ ಮೇಲಿನಿಂದ ಬೆಳಕು ಬಿಡಲು ಸಾಧ್ಯವಾಯಿತು. ಕಟ್ಟಡ ಒಂದೇ ಅಂತಸ್ತಿಗೆ ಇಳಿದು ಅಗಲವಾಯಿತು. ಕಚ್ಚಾವಸ್ತು ಒಂದು ತುದಿಯಿಂದ ಒಳಬಂದು ಇನ್ನೊಂದು ತುದಿಯಿಂದ ಸರಕಾಗಿ ಹೊರಹೋಗುವಂತೆ ಯಂತ್ರಗಳನ್ನು ಕೆಲಸದ ಸರದಿಗೆ ತಕ್ಕಂತೆ ಜೋಡಿಸಲು ಬಂತು. ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ ಈ ಕಥೆಯನ್ನು 1990ರಲ್ಲಿ ಕಂಪ್ಯೂಟರಿಗೆ ಹೋಲಿಸಿದರು: ಎಲ್ಲೆಲ್ಲೂ ಕಂಪ್ಯೂಟರ್ ಕಾಣುತ್ತಿದ್ದರೂ ಉತ್ಪಾದಕತೆಯ ಅಂಕಿಅಂಶದಲ್ಲಿ ಅದರ ಗುರುತು ಏಕಿಲ್ಲ ಎಂಬುದು ಆಗಿನ ಒಗಟಾಗಿತ್ತು.

ಈ ಕಥೆಯಲ್ಲಿ ಒಬ್ಬ ವ್ಯಕ್ತಿಯ ಮೇಲೆ ನನ್ನ ಕಣ್ಣು ನಿಲ್ಲುತ್ತದೆ. ಆತ ಕಾರ್ಖಾನೆಯ ಎಲೆಕ್ಟ್ರಿಷಿಯನ್. ಮೋಟಾರನ್ನು ಬಲ್ಲವನು ಅವನೇ, ಅದನ್ನು ಕೂರಿಸುವವನೂ ಅವನೇ. ಆದರೆ ಮಹಡಿ ಕೆಡವಿಸುವ, ಉತ್ಪಾದನೆಯನ್ನು ಕೆಲಕಾಲ ನಿಲ್ಲಿಸುವ, ದಂಡವನ್ನೇ ನಂಬಿ ಬದುಕಿದ್ದ ಮೇಸ್ತ್ರಿಗಳಿಗೆ ಬೇರೆ ಕೆಲಸ ಕೊಡುವ ಅಧಿಕಾರ ಅವನಿಗಿರಲಿಲ್ಲ. ಅದು ಮಾಲೀಕನ ಕೈಯಲ್ಲಿತ್ತು. ಇಂದಿನ ಐಟಿ ಮುಖ್ಯಸ್ಥರು ನಿಂತಿರುವುದು ಆ ಎಲೆಕ್ಟ್ರಿಷಿಯನ್ ನಿಂತಿದ್ದ ಜಾಗದಲ್ಲೇ.

(ತೆರೆಯ ಮೇಲೆ: ವಿಳಾಸ ಬದಲಾವಣೆಯ ಅರ್ಜಿ)

ಇದನ್ನು ಹತ್ತಿರದಿಂದ ನೋಡಲು ಒಂದು ಸಣ್ಣ ಉದಾಹರಣೆ. ವಿಮಾ ಕಂಪನಿಯೊಂದರ ಗ್ರಾಹಕಿ ಮನೆ ಬದಲಿಸುತ್ತಾರೆ. ಕಂಪನಿಯ ಹೊಸ ಆ್ಯಪ್‌ನಲ್ಲಿ ಹೊಸ ವಿಳಾಸವನ್ನು ತುಂಬುತ್ತಾರೆ, ‘ಯಶಸ್ವಿಯಾಗಿದೆ’ ಎಂಬ ಸಂದೇಶ ಬರುತ್ತದೆ. ತಿಂಗಳ ನಂತರ ಕಂತಿನ ನೋಟಿಸು ಹಳೆಯ ಮನೆಗೇ ಹೋಗುತ್ತದೆ. ಏಕೆಂದರೆ ಮಾರಾಟ ವಿಭಾಗ, ಕಂತು ವಸೂಲಿ ವಿಭಾಗ, ಪರಿಹಾರ ಕೊಡುವ ವಿಭಾಗ ಮೂರೂ ಆಕೆಯ ಹೆಸರಿನಲ್ಲಿ ಬೇರೆಬೇರೆ ದಾಖಲೆಗಳನ್ನು ಇಟ್ಟುಕೊಂಡಿವೆ. ಆ್ಯಪ್ ಮುಟ್ಟಿದ್ದು ಮೊದಲನೆಯದನ್ನು ಮಾತ್ರ. ಮೂರನ್ನೂ ಬೆಸೆಯುವ ತಂತ್ರ ಐಟಿಯವರಿಗೆ ಗೊತ್ತಿದೆ. ಆದರೆ ಅಸಲಿ ದಾಖಲೆ ಯಾರದ್ದಾಗಬೇಕು ಎಂದು ತೀರ್ಮಾನಿಸಿದ ಕ್ಷಣವೇ ಉಳಿದಿಬ್ಬರು ವಿಭಾಗ ಮುಖ್ಯಸ್ಥರು ತಮ್ಮ ಬಜೆಟ್ಟಿನ ಒಂದು ಪಾಲನ್ನು, ಕೆಲವು ಸಿಬ್ಬಂದಿಯನ್ನು, ಒಂದಿಷ್ಟು ಅಧಿಕಾರವನ್ನು ಬಿಟ್ಟುಕೊಡಬೇಕಾಗುತ್ತದೆ. ತಮಗೆ ಸರಿಸಮನಾದ ಐಟಿ ಮುಖ್ಯಸ್ಥರ ಮಾತಿಗೆ ಅವರೇಕೆ ಒಪ್ಪಬೇಕು? ಮೂವರಿಗೂ ಮೇಲಿರುವವರು ಒಂದು ದಿನ ಕೂತು ಇತ್ಯರ್ಥ ಮಾಡದಿದ್ದರೆ ನೋಟಿಸು ಹಳೆಯ ಮನೆಗೆ ಹೋಗುತ್ತಲೇ ಇರುತ್ತದೆ. ಸಿಇಒ ಸಾಫ್ಟ್‌ವೇರ್ ಬರೆಯಬೇಕಿಲ್ಲ, ಈ ಜಗಳವನ್ನು ಬಗೆಹರಿಸಬೇಕು. ನನ್ನ ಅಭಿಪ್ರಾಯದಲ್ಲಿ ಅವರ ಪಾತ್ರದ ತಿರುಳೇ ಇದು; ಭಾಷಣ, ಘೋಷವಾಕ್ಯಗಳೆಲ್ಲ ಆಮೇಲಿನ ಮಾತು.

ಇಂಥ ಇತ್ಯರ್ಥ ದೊಡ್ಡ ಮಟ್ಟದಲ್ಲಿ ಹೇಗಿರುತ್ತದೆ ಎಂಬುದಕ್ಕೆ ಮೈಕ್ರೋಸಾಫ್ಟ್ ಒಳ್ಳೆಯ ನಿದರ್ಶನ. ಸತ್ಯ ನಾದೆಲ್ಲ ಅವರು 2014ರ ಫೆಬ್ರುವರಿಯಲ್ಲಿ ಸಿಇಒ ಆದರು. ಮಾರ್ಚ್ ಮುಗಿಯುವ ಮೊದಲೇ ಐಪ್ಯಾಡ್‌ಗಾಗಿ ಆಫೀಸ್ ತಂತ್ರಾಂಶವನ್ನು ಪ್ರಕಟಿಸಿದರು. ಅದನ್ನು ಸಿದ್ಧಪಡಿಸುವ ಕೆಲಸ ಅವರಿಗಿಂತ ಮೊದಲೇ ಶುರುವಾಗಿತ್ತು, ಆ ಶ್ರೇಯ ಹಿಂದಿನವರಿಗೂ ಸಲ್ಲಬೇಕು. ಆದರೆ ವಿಂಡೋಸ್ ಮಾರುವ ಕಂಪನಿಯೇ ತನ್ನ ಅತ್ಯಂತ ಬೆಲೆಬಾಳುವ ತಂತ್ರಾಂಶವನ್ನು ಪ್ರತಿಸ್ಪರ್ಧಿಯ ಸಾಧನಕ್ಕೆ ಕೊಡಬೇಕೆ ಎಂಬುದು ಆಫೀಸ್ ವಿಭಾಗವೂ ವಿಂಡೋಸ್ ವಿಭಾಗವೂ ತಮ್ಮತಮ್ಮಲ್ಲೇ ತೀರಿಸಿಕೊಳ್ಳಬಹುದಾದ ಪ್ರಶ್ನೆಯಾಗಿರಲಿಲ್ಲ. 2018ರಲ್ಲಿ ವಿಂಡೋಸ್ ಪ್ರತ್ಯೇಕ ವಿಭಾಗವಾಗಿ ಉಳಿಯಲೇ ಇಲ್ಲ. ಅದರ ಕೆಲಸಗಳನ್ನು ಬೇರೆ ತಂಡಗಳಿಗೆ ಹಂಚಲಾಯಿತು. ಕಾರ್ಖಾನೆಯ ದಂಡವನ್ನು ಚಾವಣಿಯಿಂದ ಇಳಿಸಿದಂತೆಯೇ ಇದು.

ಸಮಯ ಕಡಿಮೆಯಿರುವುದರಿಂದ ಇನ್ನೆರಡು ಸಂಗತಿಗಳನ್ನು ಒಟ್ಟಿಗೇ ಹೇಳುತ್ತೇನೆ. ಮೊದಲನೆಯದು ವೇಗ. ದಿಕ್ಕು ಸರಿಯಿದ್ದರೂ ಗ್ರಾಹಕರಿಗಿಂತ ಮುಂದೆ ಓಡಿದರೆ ಪೆಟ್ಟು ಬೀಳುತ್ತದೆ. 2011ರಲ್ಲಿ ನೆಟ್‌ಫ್ಲಿಕ್ಸ್ ಡಿವಿಡಿ ಸೇವೆಯನ್ನೂ ಸ್ಟ್ರೀಮಿಂಗನ್ನೂ ಬೇರ್ಪಡಿಸಿ ದರ ಏರಿಸಿದಾಗ ಒಂದೇ ತ್ರೈಮಾಸಿಕದಲ್ಲಿ ಅಮೆರಿಕದ ಸುಮಾರು 8 ಲಕ್ಷ ಚಂದಾದಾರರನ್ನು ಕಳೆದುಕೊಂಡಿತು, ಸಿಇಒ ರೀಡ್ ಹೇಸ್ಟಿಂಗ್ಸ್ ಸಾರ್ವಜನಿಕವಾಗಿ ಕ್ಷಮೆ ಕೇಳಬೇಕಾಯಿತು. ಎರಡನೆಯದು ಸಿದ್ಧತೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ವರ್ಗಾಯಿಸಿದಾಗ ಲಕ್ಷಾಂತರ ಜನರಿಗೆ ತಮ್ಮ ಖಾತೆಯೇ ಸಿಗದಂತಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಸಿಇಒ ಹುದ್ದೆ ಬಿಟ್ಟರು. ಸಿದ್ಧವಾಗಿಲ್ಲ ಎಂಬ ಮಾತನ್ನು ಹೆದರದೆ ಹೇಳುವ ವಾತಾವರಣ ಸಂಸ್ಥೆಯಲ್ಲಿರಬೇಕು, ಆ ವಾತಾವರಣವನ್ನು ಮೇಲಿನವರಲ್ಲದೆ ಬೇರೆ ಯಾರೂ ನಿರ್ಮಿಸಲಾರರು.

ವೀಕ್ಷಕರ ಪ್ರಶ್ನೆಗೆ ಅತ್ಯಂತ ನೇರವಾದ ಉತ್ತರ ಸಿಂಗಪುರದಲ್ಲಿದೆ. ಪಿಯೂಷ್ ಗುಪ್ತಾ 2009ರಲ್ಲಿ ಮುಖ್ಯಸ್ಥರಾದ ಬಳಿಕ ಡಿಬಿಎಸ್ ಬ್ಯಾಂಕು ತನ್ನನ್ನು ಇತರ ಬ್ಯಾಂಕುಗಳಿಗಿಂತ ಹೆಚ್ಚಾಗಿ ತಂತ್ರಜ್ಞಾನ ಕಂಪನಿಗಳ ಜೊತೆ ಹೋಲಿಸಿಕೊಳ್ಳತೊಡಗಿತು, ಗ್ರಾಹಕರ ಕಾಯುವಿಕೆಯ ಗಂಟೆಗಳನ್ನು ಲೆಕ್ಕವಿಟ್ಟು ಇಳಿಸಿತು, ಡಿಜಿಟಲ್ ಪರಿವರ್ತನೆಗೆ ಜಗತ್ತಿನಾದ್ಯಂತ ಹೆಸರಾಯಿತು. ಅದೇ ಬ್ಯಾಂಕಿನ ಸೇವೆ 2023ರಲ್ಲಿ ಮತ್ತೆಮತ್ತೆ ಸ್ಥಗಿತಗೊಂಡಿತು. ಸಿಂಗಪುರದ ನಿಯಂತ್ರಕ ಸಂಸ್ಥೆಯು ಅತ್ಯಗತ್ಯವಲ್ಲದ ಐಟಿ ಬದಲಾವಣೆಗಳನ್ನು ಆರು ತಿಂಗಳು ನಿಲ್ಲಿಸುವಂತೆ ಆದೇಶಿಸಿತು. ಆ ವರ್ಷ ಬ್ಯಾಂಕು ದಾಖಲೆಯ ಲಾಭ ಗಳಿಸಿತ್ತು. ಆದರೂ, ಗುಪ್ತಾ ಅವರ ವೇತನದಲ್ಲಿ ಸಾಧನೆಗೆ ತಕ್ಕಂತೆ ಏರಿಳಿಯುವ ಭಾಗವನ್ನು ಶೇ 30ರಷ್ಟು ಕಡಿತಗೊಳಿಸಿರುವುದಾಗಿ 2024ರ ಫೆಬ್ರುವರಿಯಲ್ಲಿ ಬ್ಯಾಂಕು ಪ್ರಕಟಿಸಿತು.